ಲಾಹೋರಿನಲ್ಲಿ ವಾಸಿಸುವ ವಿದ್ಯುತ್ತು: ಮಕ್ಕಳಿಗೆ ಕ್ವಾಂಟಂ ಹೇಳುವ ಪುಸ್ತಕಗಳ ಕುರಿತು

ಝಂಗ್ ಎಂಬುದು ಈಗಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ಒಂದು ಪಟ್ಟಣ. 1930ರ ದಶಕದಲ್ಲಿ ಅಲ್ಲಿನ ಶಾಲೆಯೊಂದರಲ್ಲಿ ಮೇಷ್ಟ್ರು ಪ್ರಕೃತಿಯ ಬಲಗಳ ಕುರಿತು ಪಾಠ ಮಾಡುತ್ತಿದ್ದರು. ಗುರುತ್ವಾಕರ್ಷಣೆಯ ವಿಷಯ ಹೇಳಿದರು. ನ್ಯೂಟನ್ನನ ಹೆಸರು ಝಂಗ್‌ನಂತಹ ಊರಿಗೂ ತಲುಪಿತ್ತು. ಅಯಸ್ಕಾಂತದ ವಿಷಯ ಹೇಳಿದರು. ಆಮೇಲೆ ವಿದ್ಯುತ್ತಿನ ಸರದಿ ಬಂತು. ಅದು ನಮ್ಮ ಊರಿನಲ್ಲಿ ವಾಸಿಸುವುದಿಲ್ಲ, ನೂರು ಮೈಲಿ ದೂರದ ಲಾಹೋರಿನಲ್ಲಿ ವಾಸಿಸುತ್ತದೆ ಎಂದರು. ಇನ್ನು ಪರಮಾಣು ಬೀಜದೊಳಗಿನ ಬಲವೋ? ಅದರ ವಾಸ ಯುರೋಪಿನಲ್ಲಿ. ಹಿಂದುಸ್ತಾನದಲ್ಲಿ ಅದು ಇಲ್ಲ, ಆದ್ದರಿಂದ ಅದರ ಚಿಂತೆ ನಮಗೆ ಬೇಡ ಎಂದು ಪಾಠ ಮುಗಿಸಿದರು.

ಆ ತರಗತಿಯಲ್ಲಿ ಕುಳಿತಿದ್ದ ಹುಡುಗ ಅಬ್ದುಸ್ಸಲಾಂ. ಈ ಘಟನೆಯನ್ನು ಅವರೇ ಮುಂದೆ ಒಂದು ಉಪನ್ಯಾಸದಲ್ಲಿ ನಗುತ್ತಾ ಹೇಳಿಕೊಂಡಿದ್ದಾರೆ. ಲಾಹೋರಿನಲ್ಲಿ ವಾಸಿಸುವ ವಿದ್ಯುತ್ಕಾಂತ ಬಲ ಮತ್ತು ಯುರೋಪಿನಲ್ಲಿ ವಾಸಿಸುವ ಪರಮಾಣು ಬೀಜದ ದುರ್ಬಲ ಬಲ, ಇವೆರಡೂ ಮೂಲದಲ್ಲಿ ಒಂದೇ ಬಲದ ಎರಡು ಮುಖಗಳು ಎಂದು ತೋರಿಸಿದ್ದಕ್ಕಾಗಿಯೇ 1979ರಲ್ಲಿ ಷೆಲ್ಡನ್ ಗ್ಲಾಷೋ ಮತ್ತು ಸ್ಟೀವನ್ ವೈನ್‌ಬರ್ಗ್ ಜೊತೆಗೆ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮೇಷ್ಟ್ರು ಬೇರೆ ಬೇರೆ ಊರುಗಳಲ್ಲಿ ಇರಿಸಿದ್ದ ಎರಡು ಬಲಗಳನ್ನು ಶಿಷ್ಯ ಒಂದೇ ಮನೆಗೆ ಕರೆತಂದ!

ನಾವು ಈ ಕಥೆಯನ್ನು ಇಲ್ಲಿ ನೆನಪಿಸಿಕೊಳ್ಳಲು ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಮಕ್ಕಳಿಗೆ ಕ್ವಾಂಟಂ ಭೌತಶಾಸ್ತ್ರವನ್ನೂ ಮೂಲಕಣಗಳನ್ನೂ ಹೇಳಿಕೊಡುವ ಪುಸ್ತಕಗಳು ಸಾಲು ಸಾಲಾಗಿ ಬರುತ್ತಿವೆ. 2025ನೇ ಇಸವಿಯನ್ನು ವಿಶ್ವಸಂಸ್ಥೆ ಕ್ವಾಂಟಂ ವಿಜ್ಞಾನದ ಅಂತಾರಾಷ್ಟ್ರೀಯ ವರ್ಷವೆಂದು ಆಚರಿಸಿತು. 2023ರ ಎಪ್ರಿಲ್‌ನಲ್ಲಿ ಕೇಂದ್ರ ಸರಕಾರವು 6003 ಕೋಟಿ ರೂಪಾಯಿಗೂ ಮಿಕ್ಕಿದ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ಒಪ್ಪಿಗೆ ನೀಡಿತು. ಹೀಗಾಗಿ ನಾಳೆ ನಮ್ಮ ಮಕ್ಕಳು ಈ ಪದವನ್ನು ಎಲ್ಲೆಲ್ಲೂ ಕೇಳಲಿದ್ದಾರೆ. ಆದರೆ ಈ ಪುಸ್ತಕಗಳನ್ನು ಓದಿ ಮುಗಿಸಿದ ಮಗುವಿನ ಮನಸ್ಸಿನಲ್ಲಿ ಉಳಿಯುವುದೇನು? ಕಣಗಳು ಜಿನೀವಾದಲ್ಲಿ ವಾಸಿಸುತ್ತವೆ, ನಮ್ಮ ಊರಲ್ಲಿ ಅಲ್ಲ ಎಂಬ ಭಾವನೆಯೇ ಆದರೆ, ನಾವು ಝಂಗ್‌ನ ಆ ತರಗತಿಯಿಂದ ಒಂದು ಹೆಜ್ಜೆಯೂ ಮುಂದೆ ಬಂದಿಲ್ಲ ಎನ್ನಬೇಕಾಗುತ್ತದೆ.

ಮೂರು ಪುಸ್ತಕಗಳು, ಮೂರು ದಾರಿಗಳು

ಈ ಪ್ರಕಾರದಲ್ಲಿ ಹೆಚ್ಚು ಹೆಸರು ಮಾಡಿದ ಮೂರು ಪುಸ್ತಕಗಳನ್ನು ನಾವು ಎದುರಿಗಿಟ್ಟುಕೊಂಡಿದ್ದೇವೆ. ಮೂರೂ ಇಂಗ್ಲಿಷಿನವು.

ಮೊದಲನೆಯದು ರಷ್ಯಾ ಮೂಲದ ಭೌತವಿಜ್ಞಾನಿ ಜಾರ್ಜ್ ಗ್ಯಾಮೋ ಬರೆದ ‘ಮಿಸ್ಟರ್ ಟಾಂಪ್‌ಕಿನ್ಸ್ ಇನ್ ವಂಡರ್‌ಲ್ಯಾಂಡ್’. 1940ರ ಸುಮಾರಿಗೆ ಪುಸ್ತಕವಾಗಿ ಬಂದ ಇದು ಮಕ್ಕಳಿಗೆಂದೇ ಬರೆದದ್ದಲ್ಲವಾದರೂ ತಲೆಮಾರುಗಳ ಮಕ್ಕಳು ಓದಿದ ಪುಸ್ತಕ. ಬ್ಯಾಂಕ್ ಗುಮಾಸ್ತ ಟಾಂಪ್‌ಕಿನ್ಸ್ ಭೌತಶಾಸ್ತ್ರದ ಉಪನ್ಯಾಸ ಕೇಳುತ್ತಾ ತೂಕಡಿಸುತ್ತಾನೆ. ಪ್ರಕೃತಿಯ ನಿಯತಾಂಕಗಳ ಬೆಲೆಯೇ ಬದಲಾದ ಲೋಕಗಳಲ್ಲಿ ಕನಸಿನಲ್ಲಿ ಅಲೆಯುತ್ತಾನೆ. ಕ್ವಾಂಟಂ ಪರಿಣಾಮಗಳು ನಮ್ಮ ಕಣ್ಣಿಗೆ ಕಾಣದಿರಲು ಪ್ಲಾಂಕ್ ನಿಯತಾಂಕ ಅತ್ಯಂತ ಚಿಕ್ಕದಾಗಿರುವುದೇ ಕಾರಣ. ಅದನ್ನು ದೊಡ್ಡದು ಮಾಡಿಬಿಟ್ಟರೆ? ಬಿಲಿಯರ್ಡ್ಸ್ ಮೇಜಿನ ಮೇಲಿನ ಚೆಂಡು ಒಂದೆಡೆ ನಿಲ್ಲದೆ ಮಂಜಿನಂತೆ ಹರಡಿಕೊಳ್ಳುತ್ತದೆ. ಕಾಡಿನಲ್ಲಿ ಹುಲಿ ಎಲ್ಲಿದೆ ಎಂದು ನಿಖರವಾಗಿ ಹೇಳಲಾಗದು.

ಗ್ಯಾಮೋನ ದೊಡ್ಡ ಗುಣವೆಂದರೆ ಅವನು ನಿಯಮವನ್ನು ಬದಲಿಸುವುದಿಲ್ಲ. ಅಳತೆಯನ್ನು ಮಾತ್ರ ಬದಲಿಸುತ್ತಾನೆ. ಇದು ಪ್ರಾಮಾಣಿಕ ಕಲ್ಪನೆ. ಮಂತ್ರದಂಡದ ಕಥೆಗೂ ವಿಜ್ಞಾನದ ಕಥೆಗೂ ಇರುವ ವ್ಯತ್ಯಾಸ ಇಲ್ಲಿದೆ. ಆದರೆ ಆ ಕಾಡಿನ ಅಧ್ಯಾಯ ಓದುವಾಗ ನಮಗೆ ಬೇರೊಂದು ಮುಜುಗರವೂ ಆಗುತ್ತದೆ. ಆನೆಯ ಮೇಲೆ ಕುಳಿತು ಹುಲಿ ಬೇಟೆಗೆ ಹೊರಟವರು ಪ್ರೊಫೆಸರರು, ಟಾಂಪ್‌ಕಿನ್ಸ್ ಮತ್ತು ಒಬ್ಬ ಸರ್ ರಿಚರ್ಡ್. ನಮ್ಮ ಮಗುವಿಗೆ ಅಲ್ಲಿ ಪರಿಚಿತವಾದದ್ದು ಆನೆ ಮತ್ತು ಬಿದಿರು ಮೆಳೆ. ಪ್ರಶ್ನೆ ಕೇಳುವವರು ಮಾತ್ರ ಬೇರೆಯವರು.

ಎರಡನೆಯದು ಬ್ರಿಟನ್ನಿನ ಭೌತಶಾಸ್ತ್ರದ ಪ್ರಾಧ್ಯಾಪಕ ರಸೆಲ್ ಸ್ಟನ್ನಾರ್ಡ್ ಬರೆದ ‘ಅಂಕಲ್ ಆಲ್ಬರ್ಟ್ ಅಂಡ್ ದಿ ಕ್ವಾಂಟಂ ಕ್ವೆಸ್ಟ್’ (1994). ಇದು ನಿಜಕ್ಕೂ ಮಕ್ಕಳಿಗಾಗಿ ಬರೆದದ್ದು. ಐನ್‌ಸ್ಟೈನರನ್ನು ಹೋಲುವ ಅಂಕಲ್, ಅವರ ಜೊತೆ ಗೆಡಾಂಕನ್ ಎಂಬ ಹುಡುಗಿ. ಅಂಕಲ್‌ನ ಆಲೋಚನೆಯ ಗುಳ್ಳೆಯೊಳಗೆ ಸೇರಿ ಅವಳು ಅತಿ ಸಣ್ಣ ಲೋಕಕ್ಕೆ ಹೋಗಿಬರುತ್ತಾಳೆ. ಮೂರು ಪುಸ್ತಕಗಳಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ. ಏಕೆಂದರೆ ಇಲ್ಲಿ ಮಗು ಕೇಳಿಸಿಕೊಳ್ಳುವ ಪಾತ್ರೆಯಲ್ಲ. ಹೋಗಿ ನೋಡಿ, ಒಪ್ಪದೆ, ಮತ್ತೆ ಕೇಳುವ ಜೀವ. ಅದೂ ಒಬ್ಬ ಹುಡುಗಿ. ಬೆಳಕು ಅಲೆಯೂ ಹೌದು, ಕಣವೂ ಹೌದು ಎಂದಾಗ ಆಕೆಗೆ ಸಿಟ್ಟು ಬರುವುದು ಸಹಜ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಹಾಗೆಯೇ ಸಿಟ್ಟು ಬಂದಿತ್ತು.

ಮೂರನೆಯದು ಇಂದು ಅತಿ ಹೆಚ್ಚು ಪ್ರಸಿದ್ಧಿ ಪಡೆದಿರುವ ‘ಕ್ವಾಂಟಂ ಫಿಸಿಕ್ಸ್ ಫಾರ್ ಬೇಬೀಸ್’. ಬರೆದವರು ಕೆನಡಾ ಮೂಲದ, ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುವ ಕ್ವಾಂಟಂ ವಿಜ್ಞಾನಿ ಕ್ರಿಸ್ ಫೆರಿ. 2015ರ ಕೊನೆಯಲ್ಲಿ ಫೇಸ್‌ಬುಕ್ ಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ತನ್ನ ಹಸುಳೆಗೆ ಈ ಪುಸ್ತಕ ಓದಿ ಹೇಳುತ್ತಿರುವ ಚಿತ್ರ ಹಾಕಿದಾಗ ಇದು ಜಗತ್ತಿನ ಕಣ್ಣಿಗೆ ಬಿತ್ತು. ದಪ್ಪ ರಟ್ಟಿನ ಪುಟಗಳು, ಪುಟಕ್ಕೊಂದು ವಾಕ್ಯ, ಬಣ್ಣದ ಚೆಂಡು. ಚೆಂಡಿಗೆ ಶಕ್ತಿಯಿದೆ, ಚೆಂಡು ಪರಮಾಣುಗಳಿಂದಾಗಿದೆ, ಪರಮಾಣುವಿನಲ್ಲಿ ಎಲೆಕ್ಟ್ರಾನಿದೆ, ಆ ಎಲೆಕ್ಟ್ರಾನು ಕೆಲವು ಮಟ್ಟಗಳಲ್ಲಿ ಮಾತ್ರ ಇರಬಲ್ಲದು, ನಡುವೆ ಇರಲಾರದು ಎಂದು ಮುಂದುವರಿಯುತ್ತದೆ. ಕೊನೆಗೆ, ನೀನೀಗ ಕ್ವಾಂಟಂ ವಿಜ್ಞಾನಿಯಾದೆ ಎಂಬ ಅಭಿನಂದನೆ.

ಇಲ್ಲಿ ಹೇಳಿದ ವಿಷಯದಲ್ಲಿ ತಪ್ಪಿಲ್ಲ. ಶಕ್ತಿಯ ಮಟ್ಟಗಳು ಬಿಡಿಬಿಡಿಯಾಗಿವೆ ಎಂಬುದೇ ಕ್ವಾಂಟಂ ಸಿದ್ಧಾಂತದ ತಿರುಳುಗಳಲ್ಲಿ ಒಂದು; ಅದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳುವುದು ಸುಲಭವಲ್ಲ. ಆದರೆ ಇದು ಮಗುವಿಗಿಂತ ಹೆಚ್ಚಾಗಿ ತಂದೆತಾಯಿಯ ಅಭಿಮಾನಕ್ಕೆ ಬರೆದ ಪುಸ್ತಕವೇನೋ ಎಂಬ ಸಂಶಯ ನಮ್ಮನ್ನು ಬಿಡುವುದಿಲ್ಲ. ಹೆಸರು ಹೇಳಿಕೊಟ್ಟದ್ದು ಅರಿವು ಕೊಟ್ಟಂತಲ್ಲ. ಅದಕ್ಕಿಂತ ಮುಖ್ಯವಾಗಿ, ಇದರಲ್ಲಿ ‘ಹಾಗೆಂದು ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಗೆ ಒಂದು ಪುಟವೂ ಇಲ್ಲ. ವಿಜ್ಞಾನವನ್ನು ಬಾಯಿಪಾಠದಿಂದ ಬೇರ್ಪಡಿಸುವುದು ಅದೊಂದೇ ಪ್ರಶ್ನೆ. ಸಾವಿರ ವರ್ಷಗಳ ಹಿಂದೆ ಬೆಳಕಿನ ಕುರಿತು ಬರೆದ ಇಬ್ನುಲ್ ಹೈಸಮ್, ಟಾಲೆಮಿಯಂತಹ ಮಹಾ ವಿದ್ವಾಂಸನ ಗ್ರಂಥಗಳ ಮೇಲೆಯೇ ಸಂದೇಹಗಳನ್ನು ಎತ್ತಿ ಒಂದು ಕೃತಿ ರಚಿಸಿದ್ದರು. ಹಿರಿಯರು ಹೇಳಿದ್ದಾರೆಂಬ ಕಾರಣಕ್ಕೆ ಒಪ್ಪಬೇಡ ಎಂಬ ಈ ಪಾಠವನ್ನು ಮಕ್ಕಳ ಪುಸ್ತಕವೇ ಮರೆತರೆ ಹೇಗೆ?

ಹೋಲಿಕೆಗಳು ಕಲಿಸುವ ತಪ್ಪು ಪಾಠ

ಕಾಣದ ವಸ್ತುವನ್ನು ಹೋಲಿಕೆಯ ಮೂಲಕವೇ ಹೇಳಬೇಕು, ಬೇರೆ ದಾರಿಯಿಲ್ಲ. ಆದರೆ ಪ್ರತಿ ಹೋಲಿಕೆಗೂ ಒಂದು ಗಡಿಯಿದೆ. ಆ ಗಡಿಯನ್ನು ಮಗುವಿಗೆ ತೋರಿಸದೆ ಬಿಟ್ಟಾಗ ಹೋಲಿಕೆಯೇ ಸತ್ಯವಾಗಿ ಕುಳಿತುಬಿಡುತ್ತದೆ.

ಸೂರ್ಯನ ಸುತ್ತ ಗ್ರಹಗಳಂತೆ ಪರಮಾಣು ಬೀಜದ ಸುತ್ತ ಎಲೆಕ್ಟ್ರಾನುಗಳು ಸುತ್ತುತ್ತವೆ ಎಂಬ ಚಿತ್ರವನ್ನೇ ನೋಡಿ. ಇದು ನೀಲ್ಸ್ ಬೋರ್ 1913ರಲ್ಲಿ ಕೊಟ್ಟ ಮಾದರಿಯಿಂದ ಬಂದದ್ದು. 1925ರ ಹೊತ್ತಿಗೆ ಹೈಸನ್‌ಬರ್ಗ್ ಮತ್ತು ಅವರ ಸಂಗಡಿಗರು ಇಂತಹ ಕಕ್ಷೆಗಳ ಕಲ್ಪನೆಯನ್ನೇ ಕೈಬಿಟ್ಟರು. ನೂರು ವರ್ಷ ಕಳೆದರೂ ಶಾಲೆಯ ಗೋಡೆಗಳ ಮೇಲೆ, ವಿಜ್ಞಾನ ಮೇಳದ ಥರ್ಮೊಕೋಲ್ ಮಾದರಿಗಳಲ್ಲಿ ಅದೇ ಚಿತ್ರ. ಆ ಚಿತ್ರ ಬೇಡವೆಂದಲ್ಲ. ಇದು ಏಣಿಯ ಒಂದು ಮೆಟ್ಟಿಲು, ಮನೆಯಲ್ಲ ಎಂದು ಒಂದು ಸಾಲು ಕೆಳಗೆ ಬರೆದರೆ ಸಾಕು. ಆ ಸಾಲು ಇಲ್ಲದ್ದರಿಂದ ಎಷ್ಟೋ ಮಂದಿ ಪದವಿ ಮುಗಿಸಿದ ಮೇಲೂ ಎಲೆಕ್ಟ್ರಾನೆಂದರೆ ಸುತ್ತುವ ಪುಟ್ಟ ಗೋಲಿಯೆಂದೇ ನಂಬಿದ್ದಾರೆ.

ಇನ್ನು ಷ್ರೋಡಿಂಗರನ ಬೆಕ್ಕು. ಪೆಟ್ಟಿಗೆಯೊಳಗಿನ ಬೆಕ್ಕು ತೆರೆದು ನೋಡುವವರೆಗೆ ಬದುಕಿಯೂ ಇರುತ್ತದೆ, ಸತ್ತೂ ಇರುತ್ತದೆ ಎಂದು ಮಕ್ಕಳ ಪುಸ್ತಕಗಳು ಉತ್ಸಾಹದಿಂದ ಸಾರುತ್ತವೆ. ಷ್ರೋಡಿಂಗರ್ 1935ರಲ್ಲಿ ಈ ಉದಾಹರಣೆ ಕೊಟ್ಟದ್ದು ಹೀಗೆ ಹೇಳುವುದು ಎಷ್ಟು ಅಸಂಬದ್ಧವಾಗುತ್ತದೆ ನೋಡಿ ಎಂದು ತೋರಿಸಲು. ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು ‘ನೋಡುವುದು’ ಎಂಬ ಪದ. ಕ್ವಾಂಟಂ ಲೋಕದಲ್ಲಿ ನೋಡುವುದೆಂದರೆ ಮನುಷ್ಯನ ಕಣ್ಣೋ ಮನಸ್ಸೋ ತಾಗುವುದಲ್ಲ. ಕಣವು ಒಂದು ಉಪಕರಣದೊಂದಿಗೆ, ಇನ್ನೊಂದು ವಸ್ತುವಿನೊಂದಿಗೆ ವ್ಯವಹರಿಸಿ ಗುರುತು ಉಳಿಸುವುದು. ಇಷ್ಟನ್ನು ಬಿಡಿಸಿ ಹೇಳದಿದ್ದರೆ, ಮನಸ್ಸೇ ಜಗತ್ತನ್ನು ಸೃಷ್ಟಿಸುತ್ತದೆ ಎಂದು ನಂಬಿಸಿ ಕ್ವಾಂಟಂ ಚಿಕಿತ್ಸೆ, ಕ್ವಾಂಟಂ ತಾಯಿತಗಳನ್ನು ಮಾರುವವರಿಗೆ ನಾವೇ ಗಿರಾಕಿಗಳನ್ನು ತಯಾರು ಮಾಡಿ ಕೊಟ್ಟಂತಾಗುತ್ತದೆ.

ಹಿಗ್ಸ್ ಕಣದ ಕಥೆಯೂ ಹೀಗೆಯೇ. ತುಂಬಿದ ಸಭೆಯಲ್ಲಿ ಪ್ರಸಿದ್ಧ ನಾಯಕರೊಬ್ಬರು ನಡೆದುಹೋಗುವಾಗ ಜನ ಮುತ್ತಿಕೊಂಡು ಅವರ ನಡಿಗೆ ಭಾರವಾಗುತ್ತದೆ. ಹಿಗ್ಸ್ ಕ್ಷೇತ್ರವೂ ಕಣಗಳಿಗೆ ಹೀಗೆಯೇ ತೂಕ ಕೊಡುತ್ತದೆ ಎಂಬುದು ಜನಪ್ರಿಯ ಹೋಲಿಕೆ. ಕೇಳಲು ಚೆನ್ನಾಗಿದೆ. ಆದರೆ ಗುಂಪು ನಡಿಗೆಯನ್ನು ತಡೆಯುತ್ತದೆ. ಹಿಗ್ಸ್ ಕ್ಷೇತ್ರ ಕೆಸರಿನಂತೆ ತಡೆಯುವುದಿಲ್ಲ. ಹಾಗೆ ತಡೆದಿದ್ದರೆ ಬಾಹ್ಯಾಕಾಶದಲ್ಲಿ ಸಾಗುವ ಯಾವ ವಸ್ತುವೂ ಕ್ರಮೇಣ ನಿಂತುಬಿಡಬೇಕಿತ್ತು. ಇನ್ನೊಂದು ವಿಷಯ, ನಮ್ಮ ದೇಹದ ತೂಕದ ಬಹುಪಾಲು ಹಿಗ್ಸ್‌ನಿಂದ ಬಂದದ್ದೇ ಅಲ್ಲ. ಪ್ರೋಟಾನು, ನ್ಯೂಟ್ರಾನುಗಳೊಳಗೆ ಕ್ವಾರ್ಕುಗಳನ್ನು ಬಿಗಿದಿಟ್ಟಿರುವ ಶಕ್ತಿಯೇ ತೂಕವಾಗಿ ಕಾಣಿಸಿಕೊಳ್ಳುತ್ತದೆ. ಮಗುವಿಗೆ ಹೇಳಲು ಇದಕ್ಕಿಂತ ಅಚ್ಚರಿಯ ಸಂಗತಿ ಬೇಕೆ? ಆದರೂ ಪುಸ್ತಕಗಳು ಸಭೆಯ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತವೆ.

ದೇವಕಣ ಎಂಬ ಅಪಚಾರ

2012ರ ಜುಲೈ 4ರಂದು ಜಿನೀವಾದ ಸೆರ್ನ್ ಪ್ರಯೋಗಾಲಯ ಹಿಗ್ಸ್ ಕಣವನ್ನು ಹೋಲುವ ಹೊಸ ಕಣ ಸಿಕ್ಕಿದೆ ಎಂದು ಪ್ರಕಟಿಸಿದಾಗ ನಮ್ಮ ಪತ್ರಿಕೆಗಳು ‘ದೇವಕಣ’ ಎಂದು ತಲೆಬರಹ ಕೊಟ್ಟವು. ಈ ಅಡ್ಡಹೆಸರು ಹುಟ್ಟಿದ್ದು 1993ರಲ್ಲಿ ಲಿಯೋನ್ ಲೆಡರ್‌ಮನ್ ಬರೆದ ಪುಸ್ತಕದ ಶೀರ್ಷಿಕೆಯಿಂದ. ಸ್ವತಃ ಪೀಟರ್ ಹಿಗ್ಸ್‌ಗೆ ಇದು ಹಿಡಿಸಿರಲಿಲ್ಲ. ಆದರೆ ಹೆಸರು ಅಂಟಿಕೊಂಡಿತು. ದೇವರು ಸಿಕ್ಕಿದ ಎಂದು ಕೆಲವರೂ ಇನ್ನು ದೇವರ ಅಗತ್ಯವಿಲ್ಲ ಎಂದು ಕೆಲವರೂ ಬರೆದರು. ಆ ಕಣಕ್ಕೆ ಈ ಎರಡು ವಾದಗಳ ಗೊಡವೆಯೂ ಇರಲಿಲ್ಲ.

ಇದೇ ಸಂದರ್ಭದಲ್ಲಿ ನಮ್ಮವರ ಇನ್ನೊಂದು ಚಾಳಿಯನ್ನೂ ಹೇಳಲೇಬೇಕು. ಇದೆಲ್ಲ ನಮ್ಮ ಗ್ರಂಥದಲ್ಲಿ ಮೊದಲೇ ಇದೆ ಎನ್ನುವ ಕಿರುಪುಸ್ತಕಗಳು ಎಲ್ಲ ಧರ್ಮೀಯರಲ್ಲೂ ಇವೆ. ಕಣಾದ ಮಹರ್ಷಿ ಪರಮಾಣುವನ್ನು ಕಂಡಿದ್ದರು ಎಂದು ಅವರು. ಕುರ್‌ಆನಿನಲ್ಲಿ ‘ಝರ್ರ’ ಎಂಬ ಪದವಿದೆ, ಆದ್ದರಿಂದ ಪರಮಾಣು ವಿಜ್ಞಾನ ಅಲ್ಲಿದೆ ಎಂದು ನಮ್ಮವರು. ಝರ್ರ ಎಂಬುದಕ್ಕೆ ಹಳೆಯ ಅರಬಿಯಲ್ಲಿ ಸಣ್ಣ ಇರುವೆ, ಧೂಳಿನ ಕಣ ಎಂಬ ಅರ್ಥಗಳಿದ್ದವು. ಪರಮಾಣು ಎಂಬ ಅರ್ಥದಲ್ಲಿ ಬಳಸತೊಡಗಿದ್ದು ಆಧುನಿಕ ಕಾಲದಲ್ಲಿ. ಆ ವಚನ ಹೇಳುತ್ತಿರುವುದು ಅಣುವಿನಷ್ಟು ಒಳಿತು ಮಾಡಿದರೂ ಕೆಡುಕು ಮಾಡಿದರೂ ಲೆಕ್ಕ ತಪ್ಪದು ಎಂಬ ನೀತಿಯನ್ನು. ಅದನ್ನು ಭೌತಶಾಸ್ತ್ರದ ಪಾಠವಾಗಿಸಿದರೆ ನೀತಿಯೂ ಕೈಬಿಟ್ಟಿತು, ವಿಜ್ಞಾನವೂ ದಕ್ಕಲಿಲ್ಲ. ಕಣಾದರ ಚಿಂತನೆ, ಗ್ರೀಕ್ ಡೆಮಾಕ್ರಿಟಸನ ಚಿಂತನೆ, ಅಶ್‌ಅರೀ ಪಂಥದ ವಿದ್ವಾಂಸರ ಅವಿಭಾಜ್ಯ ಕಣದ ವಾದ, ಇವೆಲ್ಲ ಮನುಷ್ಯನ ಬುದ್ಧಿಯ ಘನವಾದ ಸಾಹಸಗಳು. ಆದರೆ ಪ್ರಯೋಗದಿಂದ ಪರೀಕ್ಷಿಸಲ್ಪಟ್ಟ ಪರಮಾಣು ಬೇರೆ. ಮಕ್ಕಳಿಗೆ ಈ ವ್ಯತ್ಯಾಸ ಕಲಿಸದಿದ್ದರೆ, ಎಲ್ಲವನ್ನೂ ಯಾರೋ ಮೊದಲೇ ಕಂಡುಹಿಡಿದಿದ್ದಾರೆ, ತಾನು ಹುಡುಕಬೇಕಾದ್ದು ಏನೂ ಉಳಿದಿಲ್ಲ ಎಂಬ ಸೋಮಾರಿತನವನ್ನು ಕಲಿಸಿದಂತೆ.

ಅಬ್ದುಸ್ಸಲಾಂ 1979ರ ನೊಬೆಲ್ ಔತಣದಲ್ಲಿ ಕುರ್‌ಆನಿನ ವಚನವನ್ನು ಪಠಿಸಿದ್ದರು. ಸೃಷ್ಟಿಯಲ್ಲಿ ಬಿರುಕು ಕಾಣುತ್ತದೆಯೇ, ಮತ್ತೆ ಮತ್ತೆ ನೋಡು ಎಂಬ ಆಶಯದ ವಚನವದು. ವಚನದಲ್ಲಿ ತನ್ನ ಸಮೀಕರಣ ಅಡಗಿದೆ ಎಂಬ ವಾದಕ್ಕೆ ಅವರು ಅದನ್ನು ಬಳಸಲಿಲ್ಲ. ನೋಡು ಎಂಬ ಕರೆಗೆ ಓಗೊಟ್ಟು ನೋಡಿದರು, ಅಷ್ಟೆ. ಅವರ ನಾಡು ಅವರನ್ನೂ ಅವರ ಸಮುದಾಯವನ್ನೂ ನಡೆಸಿಕೊಂಡ ರೀತಿ ಬೇರೊಂದು ದುಃಖದ ಕಥೆ. ಆದರೆ ತನಗೆ ಲಾಹೋರಿನಲ್ಲಿ ಗಣಿತ ಕಲಿಸಿದ ಅನಿಲೇಂದ್ರ ಗಂಗೂಲಿ ಅವರನ್ನು ಹುಡುಕಿಕೊಂಡು 1981ರಲ್ಲಿ ಕಲ್ಕತ್ತೆಗೆ ಬಂದು, ಹಾಸಿಗೆ ಹಿಡಿದಿದ್ದ ಆ ವೃದ್ಧ ಗುರುವಿನ ಮುಂದೆ ತನ್ನ ನೊಬೆಲ್ ಪದಕವನ್ನಿಟ್ಟ ಶಿಷ್ಯನ ಕಥೆಯನ್ನು ನಮ್ಮ ಮಕ್ಕಳ ಪುಸ್ತಕಗಳು ಏಕೆ ಹೇಳುವುದಿಲ್ಲ?

ತಾಯಿನುಡಿಯ ಕಣ

ಭಾರತೀಯ ಭಾಷೆಗಳಲ್ಲಿ ಇಂತಹ ಪ್ರಯತ್ನ ನಡೆದಿಲ್ಲವೆಂದಲ್ಲ. 1937ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ ರವೀಂದ್ರನಾಥ ಟಾಗೋರರು ಬಂಗಾಳಿಯಲ್ಲಿ ‘ವಿಶ್ವಪರಿಚಯ’ ಎಂಬ ವಿಜ್ಞಾನ ಪುಸ್ತಕ ಬರೆದರು. ಅದರ ಮೊದಲ ಅಧ್ಯಾಯವೇ ಪರಮಾಣು ಲೋಕ. ಪುಸ್ತಕವನ್ನು ಅರ್ಪಿಸಿದ್ದು ಸತ್ಯೇಂದ್ರನಾಥ ಬೋಸರಿಗೆ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಐನ್‌ಸ್ಟೈನರಿಗೆ ಲೇಖನ ಕಳುಹಿಸಿದ ಬೋಸರ ಹೆಸರಿನಿಂದಲೇ ‘ಬೋಸಾನ್’ ಎಂಬ ಪದ ಬಂತು. ಹಿಗ್ಸ್ ಬೋಸಾನಿನ ಹೆಸರಿನ ಅರ್ಧಭಾಗ ನಮ್ಮ ಉಪಖಂಡದ್ದು! ಅದೇ ಬೋಸರು 1948ರಲ್ಲಿ ಬಂಗಾಳಿಯಲ್ಲಿ ವಿಜ್ಞಾನ ಹರಡಲೆಂದು ಬಂಗೀಯ ವಿಜ್ಞಾನ ಪರಿಷತ್ತನ್ನು ಕಟ್ಟಿದರು.

ಕನ್ನಡದಲ್ಲಿ ಶಿವರಾಮ ಕಾರಂತರು 1936ರಲ್ಲೇ ‘ಬಾಲಪ್ರಪಂಚ’ವನ್ನು ತಂದರು. ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆ, ಜೆ.ಆರ್. ಲಕ್ಷ್ಮಣರಾಯರು, ಜಿ.ಟಿ. ನಾರಾಯಣರಾಯರು ಮೊದಲಾದವರ ಬರಹಗಳು ಗಟ್ಟಿ ಬುನಾದಿ ಹಾಕಿವೆ. ಆ ಬುನಾದಿಯ ಮೇಲೆ ಇಂದಿನ ಮಕ್ಕಳಿಗಾಗಿ ಕ್ವಾಂಟಂನ ಮನೆ ಕಟ್ಟುವ ಕೆಲಸ ಬಾಕಿಯಿದೆ.

ಆ ಕೆಲಸ ಬರೀ ಅನುವಾದದಿಂದ ಆಗುವಂಥದ್ದಲ್ಲ. ‘ಕಣ’ ಎಂಬ ಒಂದೇ ಪದವನ್ನು ನೋಡಿ. ಹಳ್ಳಿಯ ಮಗುವಿಗೆ ಕಣವೆಂದರೆ ತೆನೆ ಬಡಿಯುವ ಜಾಗ. ಪೇಟೆಯ ಮಗುವಿಗೆ ಚುನಾವಣೆಯ ಕಣ. ಇನ್ನು ಧೂಳಿನ ಕಣ, ಮರಳಿನ ಕಣ. ಮೂಲಕಣ ಎಂದ ತಕ್ಷಣ ಗಟ್ಟಿಯಾದ ಒಂದು ಕಾಳಿನ ಚಿತ್ರ ಮೂಡುತ್ತದೆ. ಎಲೆಕ್ಟ್ರಾನು ಅಂತಹ ಕಾಳಲ್ಲ. ಆದರೆ ಇದೇ ಪದವನ್ನು ಬಳಸಿಕೊಂಡು ಒಳ್ಳೆಯ ಲೇಖಕ ಪಾಠ ಶುರು ಮಾಡಬಹುದು: ಮಕ್ಕಳೇ, ಕಣವೆಂದರೆ ಕಾಳೂ ಹೌದು, ಕಾಳು ಹರಡಿಕೊಳ್ಳುವ ಜಾಗವೂ ಹೌದು, ಎಲೆಕ್ಟ್ರಾನು ಈ ಎರಡನ್ನೂ ಸ್ವಲ್ಪ ಸ್ವಲ್ಪ ಹೋಲುತ್ತದೆ, ಯಾವುದೂ ಪೂರ್ತಿ ಅಲ್ಲ ಎಂದು. ಇಂಗ್ಲಿಷಿನ ಪುಸ್ತಕಕ್ಕೆ ಈ ಅವಕಾಶವಿಲ್ಲ. ದಖ್ಖನಿ ಆಡುವ ಮಗು ದಿನಕ್ಕೆ ಹತ್ತು ಸಲ ‘ಜರಾ’ ಎನ್ನುತ್ತದೆ. ಆ ಪದ ಹುಟ್ಟಿದ್ದು ಝರ್ರದಿಂದ ಎಂದು ತಿಳಿದರೆ ಅದರ ಕಣ್ಣು ಅರಳದೇ?

ಉಪ್ಪಿನಿಂದ ಕೋಲಾರದವರೆಗೆ

ಒಮ್ಮೆ ಬೇಸಿಗೆ ರಜೆಯಲ್ಲಿ ನಾವು ಕೆಲವರು ಸೇರಿ ಮಸೀದಿಯ ಪಕ್ಕದ ಸಭಾಂಗಣದಲ್ಲಿ ಏಳನೆಯಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ವಿಷಯ ಹೇಳಲು ಹೊರಟೆವು. ಮೊದಲ ದಿನ ಪುಸ್ತಕದಂತೆಯೇ ಹೇಳಿದೆವು. ಮಕ್ಕಳು ಸುಮ್ಮನೆ ಬರೆದುಕೊಂಡರು. ಒಬ್ಬರೂ ಬಾಯಿ ತೆರೆಯಲಿಲ್ಲ. ಮರುದಿನ ಗ್ಯಾಸ್ ಒಲೆ ತಂದು, ನೀಲಿ ಉರಿಗೆ ಚಿಟಿಕೆ ಉಪ್ಪು ಹಾಕಿದೆವು. ಉರಿ ಹೊಳೆಯುವ ಹಳದಿಯಾಯಿತು. ಮತ್ತೆ ಹಾಕಿದೆವು, ಮತ್ತೆ ಅದೇ ಹಳದಿ. ಕಲ್ಲುಪ್ಪು ಹಾಕಿದರೂ ಅದೇ, ಪುಡಿಯುಪ್ಪು ಹಾಕಿದರೂ ಅದೇ. ಏಕೆ ಯಾವಾಗಲೂ ಅದೇ ಬಣ್ಣ? ಉಪ್ಪಿನೊಳಗಿನ ಸೋಡಿಯಂನ ಎಲೆಕ್ಟ್ರಾನು ಮೆಟ್ಟಿಲು ಹತ್ತಿ ಇಳಿಯುತ್ತದೆ. ಮೆಟ್ಟಿಲುಗಳ ನಡುವಿನ ಎತ್ತರ ಎಲ್ಲ ಸೋಡಿಯಂ ಪರಮಾಣುಗಳಲ್ಲೂ ಒಂದೇ. ಆದ್ದರಿಂದ ಹೊರಬರುವ ಬೆಳಕೂ ಒಂದೇ. ಜಾರುಬಂಡೆಯಾಗಿದ್ದರೆ ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು, ಬಣ್ಣಗಳೆಲ್ಲ ಕಲಸಿಹೋಗುತ್ತಿದ್ದವು. ತಸ್ಬೀಹ್‌ನ ಮಣಿಗಳಲ್ಲಿ 33ಕ್ಕೂ 34ಕ್ಕೂ ನಡುವೆ ಇನ್ನೊಂದು ಎಣಿಕೆಯಿಲ್ಲದಂತೆ ಆ ಮೆಟ್ಟಿಲುಗಳ ನಡುವೆಯೂ ನಿಲುಗಡೆಯಿಲ್ಲ.

ಒಬ್ಬಳು ಹುಡುಗಿ ಕೈಯೆತ್ತಿದಳು. “ಸರ್, ಇದು ನಮ್ಮ ಮನೆಯ ಉಪ್ಪಿನಲ್ಲೂ ಆಗ್ತದಾ?” ಎಂದಳು. ಆಗ್ತದೆ ಎಂದೆವು. “ಹಾಗಾದ್ರೆ ಇಷ್ಟು ದಿನ ಗಂಜಿ ಉಕ್ಕಿ ಒಲೆಗೆ ಬಿದ್ದಾಗ ಉರಿ ಹಳದಿ ಆಗ್ತಿದ್ದದ್ದು ಇದೇ ಅಲ್ವಾ?” ನಾವು ಬೆರಗಾದೆವು. ಗಂಜಿಗೆ ಹಾಕಿದ ಉಪ್ಪಿನಿಂದ ಹಾಗಾಗುತ್ತದೆ ಎಂಬುದು ನಮಗೇ ಹೊಳೆದಿರಲಿಲ್ಲ. ಆ ಕ್ಷಣದಲ್ಲಿ ಕ್ವಾಂಟಂ ಜಿನೀವಾದಿಂದ ಅವಳ ಅಡುಗೆಮನೆಗೆ ವಾಸ ಬದಲಿಸಿತ್ತು.

ಅಲ್ಲಿಂದ ಮುಂದಿನ ದಾರಿ ತಾನಾಗಿಯೇ ತೆರೆಯಿತು. 1868ರ ಆಗಸ್ಟ್ 18ರ ಸೂರ್ಯಗ್ರಹಣದಲ್ಲಿ ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಿಂದ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ರೋಹಿತದರ್ಶಕದ ಮೂಲಕ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನ ಗೆರೆಗಳನ್ನು ನೋಡಿದ್ದರು. ಆ ವರ್ಷ ಸೂರ್ಯನಲ್ಲಿ ಕಂಡ ಒಂದು ಹಳದಿ ಗೆರೆ ನಮ್ಮ ಉಪ್ಪಿನ ಗೆರೆಯ ಹತ್ತಿರವಿದ್ದರೂ ಅದೇ ಅಲ್ಲ ಎಂದು ಗೊತ್ತಾಗಿ, ಭೂಮಿಯ ಮೇಲೆ ಇನ್ನೂ ಸಿಕ್ಕಿರದ ಹೀಲಿಯಂ ಎಂಬ ಮೂಲವಸ್ತುವಿನ ಸುಳಿವು ದೊರೆಯಿತು. ಒಂದು ಗೆರೆಯ ಜಾಗ ಸ್ವಲ್ಪ ಬದಲಾದರೆ ಒಂದು ಹೊಸ ಮೂಲವಸ್ತು! ಹೇಗೆ ಗೊತ್ತಾಯಿತು ಎಂಬುದಕ್ಕೆ ಇದಕ್ಕಿಂತ ಸೊಗಸಾದ ಉತ್ತರ ಬೇಕೇ?

ಆಮೇಲೆ ಕೋಲಾರದ ಚಿನ್ನದ ಗಣಿ. ಕೆಜಿಎಫ್ ಎಂದರೆ ಇಂದಿನ ಮಕ್ಕಳಿಗೆ 2018ರಲ್ಲಿ ಬಂದ ಸಿನಿಮಾ. ಆದರೆ ಕಣ ವಿಜ್ಞಾನದ ಚರಿತ್ರೆಯಲ್ಲಿ ಆ ಹೆಸರಿಗೆ ಬೇರೆಯದೇ ಗೌರವವಿದೆ. ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ. ನೀವು ಅಂಗೈ ಚಾಚಿ ನಿಂತರೆ ಸುಮಾರು ಸೆಕೆಂಡಿಗೊಂದರಂತೆ ಅವು ಕೈಯನ್ನು ಹಾದುಹೋಗುತ್ತವೆ. ನ್ಯೂಟ್ರಿನೋಗಳ ಲೆಕ್ಕ ಇನ್ನೂ ದೊಡ್ಡದು. ಸೂರ್ಯನಿಂದ ಬರುವ ಸುಮಾರು 6000 ಕೋಟಿ ನ್ಯೂಟ್ರಿನೋಗಳು ಪ್ರತಿ ಸೆಕೆಂಡೂ ನಮ್ಮ ಹೆಬ್ಬೆರಳ ಉಗುರನ್ನು ಹಾದುಹೋಗುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಇಷ್ಟು ಮೌನವಾದ ಕಣವನ್ನು ಹಿಡಿಯುವುದು ಹೇಗೆ? ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸದು. ಅದಕ್ಕೇ ಗದ್ದಲ ಮುಟ್ಟದ ಆಳಕ್ಕೆ ಇಳಿಯಬೇಕು. ಕೋಲಾರದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಉಪಕರಣಗಳನ್ನಿಟ್ಟರು. ಮೇಲಿನಿಂದ ಬರುವ ಮ್ಯೂಯಾನುಗಳನ್ನು ಬಂಡೆ ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಅಡ್ಡಡ್ಡವಾಗಿ ಒಂದು ಗುರುತು ಮೂಡಿದರೆ, ಪಕ್ಕದ ಬಂಡೆಯೊಳಗೆ ನ್ಯೂಟ್ರಿನೋ ಒಂದು ಬಡಿದು ಅದನ್ನು ಹುಟ್ಟಿಸಿದೆ ಎಂದರ್ಥ. 1965ರಲ್ಲಿ ಅಂತಹ ಗುರುತುಗಳು ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಮೊದಲ ಬಾರಿಗೆ ಗುರುತಿಸಿದ ಸ್ಥಳಗಳಲ್ಲಿ ನಮ್ಮ ಕೋಲಾರ ಒಂದು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅವು ಕಂಡವು. ಕೋಲಾರದ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ಮೈಸೂರು ಸೀಮೆಯ ನಂಜನಗೂಡಿನ ಕಡೆಯವರು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪ್ರೋಟಾನು ಅಮರವಲ್ಲ, ಎಂದಾದರೊಂದು ದಿನ ಅದೂ ಒಡೆದೀತು ಎಂದು 1970ರ ದಶಕದಲ್ಲಿ ಇಬ್ಬರು ಸಿದ್ಧಾಂತ ಮಂಡಿಸಿದರು. ಒಬ್ಬರು ಒಡಿಶಾದ ಜೋಗೇಶ್ ಪತಿ. ಇನ್ನೊಬ್ಬರು ಝಂಗ್‌ನ ಅದೇ ಅಬ್ದುಸ್ಸಲಾಂ. ಅದನ್ನು ಪರೀಕ್ಷಿಸಲು 1980ರ ದಶಕದಲ್ಲಿ ಕೋಲಾರದ ಅದೇ ಗಣಿಯ ಆಳದಲ್ಲಿ ಸುಮಾರು 140 ಟನ್ ಕಬ್ಬಿಣದ ಉಪಕರಣ ಕಾದು ಕುಳಿತಿತ್ತು. ಕೆಲವು ಘಟನೆಗಳು ಸಿಕ್ಕವೆಂದು ತಂಡ ವರದಿ ಮಾಡಿತು. ಆದರೆ ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳು ಅದನ್ನು ದೃಢಪಡಿಸಲಿಲ್ಲ. ಪ್ರೋಟಾನು ಒಡೆದದ್ದನ್ನು ಇಂದಿಗೂ ಯಾರೂ ಖಚಿತವಾಗಿ ಕಂಡಿಲ್ಲ. 2001ರಲ್ಲಿ ಗಣಿಯೇ ಮುಚ್ಚಿತು.

ಈ ಸೋಲನ್ನೂ ಮಕ್ಕಳಿಗೆ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ಹಾಗೆ ಹೇಳಿದಾಗ ನಮ್ಮ ಹಿಂದಿನ ಸಾಲಿನ ಹುಡುಗನೊಬ್ಬ, “ಹಾಗಾದ್ರೆ ಅದು ಒಡೀತದೋ ಇಲ್ವೋ ಅಂತ ಇನ್ನೂ ಯಾರಿಗೂ ಗೊತ್ತಿಲ್ವಾ ಸರ್?” ಎಂದು ಕೇಳಿದ. ಇಲ್ಲ ಎಂದೆವು. ಅವನ ಮುಖದಲ್ಲಿ ಕಂಡದ್ದು ನಿರಾಶೆಯಲ್ಲ. ತನಗೂ ಒಂದು ಜಾಗ ಉಳಿದಿದೆ ಎಂಬ ಸಂತೋಷ.

ನಮ್ಮ ನಿರೀಕ್ಷೆ

ಮೂರೂ ಪುಸ್ತಕಗಳಿಂದ ನಾವು ಪಡೆಯಬೇಕಾದ್ದಿದೆ. ಗ್ಯಾಮೋನಿಂದ ನಿಯಮ ಮುರಿಯದ ಕಲ್ಪನೆ, ಸ್ಟನ್ನಾರ್ಡ್‌ರಿಂದ ಪ್ರಶ್ನಿಸುವ ಮಗುವಿನ ಮೇಲಿನ ಗೌರವ, ಫೆರಿಯವರಿಂದ ಮಾತಿನ ಮಿತವ್ಯಯ. ಇವುಗಳಿಗೆ ಇನ್ನೆರಡನ್ನು ಕನ್ನಡದ ಲೇಖಕರು ಸೇರಿಸಬೇಕು. ಒಂದು, ಹೇಗೆ ಗೊತ್ತಾಯಿತು ಮತ್ತು ಇನ್ನೂ ಏನು ಗೊತ್ತಿಲ್ಲ ಎಂಬುದನ್ನು ಮುಚ್ಚಿಡದೆ ಹೇಳುವುದು. ಎರಡು, ಕಣದ ವಿಳಾಸವನ್ನು ಮಗುವಿನ ಮನೆಯಿಂದಲೇ ಆರಂಭಿಸುವುದು.

ನಮ್ಮ ಸರಕಾರಿ ಶಾಲೆಗಳ, ಉರ್ದು ಶಾಲೆಗಳ, ಮದ್ರಸಗಳ ಮಕ್ಕಳಿಗೆ ವಿಜ್ಞಾನವು ಇನ್ನೊಬ್ಬರ ಊರಿನ ಸಂಗತಿಯೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪುಸ್ತಕಗಳು ಸದ್ದಿಲ್ಲದೆ ಹೇಳಿಬಿಡುತ್ತವೆ. ಉದಾಹರಣೆಗಳಲ್ಲಿ ಅವರ ಮನೆಯಿಲ್ಲ, ಹೆಸರುಗಳಲ್ಲಿ ಅವರ ಹೆಸರಿಲ್ಲ, ನಕ್ಷೆಯಲ್ಲಿ ಅವರ ಜಿಲ್ಲೆಯಿಲ್ಲ. ಝಂಗ್‌ನ ಮೇಷ್ಟ್ರು ಕೆಟ್ಟವರೇನಲ್ಲ. ತಮಗೆ ಗೊತ್ತಿದ್ದಷ್ಟನ್ನು ಪ್ರಾಮಾಣಿಕವಾಗಿ ಹೇಳಿದರು. ಅವರ ಊರಿನಲ್ಲಿ ವಿದ್ಯುದ್ದೀಪ ಇರಲಿಲ್ಲ. ನಮಗೆ ಆ ನೆಪವಿಲ್ಲ. ನಮ್ಮ ಒಲೆಯಲ್ಲಿ ಉರಿಯಿದೆ, ಡಬ್ಬಿಯಲ್ಲಿ ಉಪ್ಪಿದೆ, ನಕ್ಷೆಯಲ್ಲಿ ಜಮಖಂಡಿಯೂ ಕೋಲಾರವೂ ಇವೆ. ಇವುಗಳಿಂದ ಶುರುವಾಗುವ ಕನ್ನಡದ ಪುಸ್ತಕವೊಂದನ್ನು ಯಾರಾದರೂ ಬರೆದರೆ, ಮೊದಲ ಪ್ರತಿಯನ್ನು ಗಂಜಿಯ ಉರಿಯನ್ನು ನೆನಪಿಸಿಕೊಂಡ ಆ ಹುಡುಗಿಯ ಕೈಗೆ ನಾವೇ ತಲುಪಿಸುತ್ತೇವೆ.